ಅಡ್ಡ ನಿಲ್ಲುವ ನಾಯಿ

ನನ್ನ ಗಂಡನ ಮೇಲೆ ನನಗೆ ಮೊದಲು ಸಂಶಯ ಬಂದದ್ದು ಒಂದು ಊಟದ ಡಬ್ಬಿಯಿಂದ. ಚಳಿಗಾಲದ ಭಾನುವಾರಗಳಲ್ಲಿ ಅವರು ನಾಯಿಯನ್ನು ಕರೆದುಕೊಂಡು ಮನೋಳಿಯ ಹಿಂದಿನ ಗುಡ್ಡ ಹತ್ತುತ್ತಿದ್ದರು. ಬೆಳಿಗ್ಗೆ ಏಳಕ್ಕೆ ಹೊರಟರೆ ಬರುವುದು ಇಳಿಹೊತ್ತಿಗೆ. ನಾನು ಎರಡು ರೊಟ್ಟಿ, ಒಂದು ಪಲ್ಯ, ಶೇಂಗಾ ಚಟ್ನಿ ಕಟ್ಟಿ ಕೊಡುತ್ತಿದ್ದೆ. ಮೊದಲೆಲ್ಲ ಡಬ್ಬಿ ಎಣ್ಣೆ ಜಿಡ್ಡು ಮೆತ್ತಿಕೊಂಡೇ ವಾಪಸು ಬರುತ್ತಿತ್ತು. ಆ ವರ್ಷ ಅದು ತೊಳೆದು ಬರತೊಡಗಿತು. ಸುಮ್ಮನೆ ನೀರಾಡಿಸಿದ್ದಲ್ಲ, ಬೂದಿ ಹಾಕಿ ತಿಕ್ಕಿದ್ದು. ಮುಚ್ಚಳದ ಅಂಚಿನ ಸಂದಿಯಲ್ಲಿ ಬೂದಿಯ ಗೆರೆ ಉಳಿದಿರುತ್ತಿತ್ತು. ನಮ್ಮ ಮನೆಯಲ್ಲಿ ಒಲೆ ಹೋಗಿ ಗ್ಯಾಸು ಬಂದು ಎಷ್ಟೋ ವರ್ಷವಾಗಿದೆ, ಬೂದಿ ಎಲ್ಲಿಂದ ಬರಬೇಕು?

ಎಲ್ಲಿ ತೊಳೆದಿರಿ ಎಂದು ಕೇಳಿದೆ. ಹಳ್ಳದಲ್ಲಿ ಎಂದರು. ಅವರು ರಾಮದುರ್ಗದ ಕಡೆಯವರು, ಇಲ್ಲಿಯ ಹೈಸ್ಕೂಲಿಗೆ ಗಣಿತದ ಮಾಸ್ತರಾಗಿ ಬಂದವರು. ನಾನು ಇದೇ ಊರಿನವಳು. ದೀಪಾವಳಿ ಕಳೆದ ಮೇಲೆ ಆ ಗುಡ್ಡದ ಹಳ್ಳದಲ್ಲಿ ಒಂದು ಬೊಗಸೆ ನೀರೂ ಇರುವುದಿಲ್ಲ. ಅದು ನನಗೆ ಗೊತ್ತಿದೆ ಎಂಬುದು ಅವರಿಗೂ ಗೊತ್ತಿತ್ತು. ಆದರೂ ಹಳ್ಳ ಎಂದರು. ನಾನು ಮತ್ತೆ ಕೇಳಲಿಲ್ಲ. ಮೂವತ್ತೊಂದು ವರ್ಷದ ಸಂಸಾರದಲ್ಲಿ ಉಂಡ ತಾಟನ್ನು ಒಮ್ಮೆಯೂ ಎತ್ತಿಡದ ಮನುಷ್ಯ ಡಬ್ಬಿ ತೊಳೆಯುತ್ತಾರೆಂದರೆ ಅದನ್ನು ಇನ್ನಾರೋ ತೊಳೆದಿರಬೇಕು. ನನ್ನ ಲೆಕ್ಕ ಅಷ್ಟೇ ಸರಳವಾಗಿತ್ತು.

ನಾನು ಸರಕಾರಿ ಆಸ್ಪತ್ರೆಯಲ್ಲಿ ನರ್ಸು. ಸುತ್ತಲಿನ ಹಳ್ಳಿಗಳಲ್ಲಿ ನನ್ನನ್ನು ನರ್ಸಬಾಯಾರು ಎನ್ನುತ್ತಾರೆ. ಯಾರ ಮನೆಯಲ್ಲಿ ಯಾರು ಏನನ್ನು ಮುಚ್ಚಿಡುತ್ತಿದ್ದಾರೆ ಎಂಬುದನ್ನು ಹೊಸ್ತಿಲಲ್ಲಿ ನಿಂತೇ ಹೇಳುವಷ್ಟು ಅನುಭವ ನನಗಿದೆ ಎಂದುಕೊಂಡಿದ್ದೆ. ಅವರು ನಿವೃತ್ತರಾಗಿ ಒಂದೂವರೆ ವರ್ಷವಾಗಿತ್ತು. ಮಗಳನ್ನು ಬೈಲಹೊಂಗಲಕ್ಕೆ ಕೊಟ್ಟಾಗಿತ್ತು. ಮನೆಯಲ್ಲಿ ನಾವಿಬ್ಬರೇ, ಜೊತೆಗೆ ಆ ನಾಯಿ.

ಒಂದು ಸಂಶಯ ಬಂದ ಮೇಲೆ ಉಳಿದವು ತಾವೇ ಬಂದು ಸಾಲಾಗಿ ಕುಳಿತವು. ಅವರು ಸ್ಕೂಟರು ಓಡಿಸುವುದನ್ನು ಬಿಟ್ಟಿದ್ದರು. ಪೆಟ್ರೋಲು ದುಬಾರಿ ಎಂಬ ನೆಪ. ಸಂಜೆಯ ಮದುವೆ ಊಟಗಳಿಗೆ ಬರುತ್ತಿರಲಿಲ್ಲ. ನಾನು ಬಾಗಿಲಲ್ಲಿ ನಿಂತು ನಕ್ಕರೆ ಎಷ್ಟೋ ಸಲ ನಗುತ್ತಿರಲಿಲ್ಲ, ನಾನು ಅಲ್ಲಿ ಇಲ್ಲವೇ ಇಲ್ಲ ಎನ್ನುವ ಹಾಗೆ ಮುಂದೆ ನೋಡುತ್ತ ಕೂತಿರುತ್ತಿದ್ದರು. ಒಮ್ಮೊಮ್ಮೆ ಮಾತ್ರ ನಗುತ್ತಿದ್ದರು. ಬೇಕಾದಾಗ ಹೆಂಡತಿ, ಬೇಡವಾದಾಗ ಗೋಡೆ ಎಂದು ನಾನು ಒಳಗೊಳಗೇ ಕುದಿದೆ. ಪೇಪರು ಓದುವುದು ಕಡಿಮೆಯಾಯಿತು. ಕಿವಿಗೆ ಯಾವಾಗಲೂ ಇಯರ್‌ಫೋನು, ಬೆರಳು ಫೋನಿನ ಮೇಲೆ. ನನ್ನ ಹೆಜ್ಜೆ ಸಪ್ಪಳ ಕೇಳಿದರೆ ಫೋನನ್ನು ಅಂಗಿಯ ಕಿಸೆಗೆ ಸೇರಿಸುತ್ತಿದ್ದರು.

ಒಂದು ದಿನ ಅವರು ಪಡಸಾಲೆಯಲ್ಲಿ ಒಬ್ಬರೇ ಕೂತಿದ್ದರು, ಇಯರ್‌ಫೋನು ಹಾಕಿರಲಿಲ್ಲ. ನಾನು ಹಿತ್ತಲಿನಿಂದ ಕಿಟಕಿಯ ಹತ್ತಿರ ಬಂದೆ. ಫೋನಿನೊಳಗಿಂದ ಒಬ್ಬ ಹೆಂಗಸು ಮಾತಾಡುತ್ತಿದ್ದಳು. ಬಹಳ ಅವಸರದ ಮಾತು, ಉಸಿರೇ ತಗೊಳ್ಳದ ಹಾಗೆ. ಒಂದೇ ಒಂದು ಶಬ್ದ ನನಗೆ ತಿಳಿಯಿತು, 'ಸಂದೇಶ.' ಅವರು ಏನೂ ಉತ್ತರ ಕೊಡಲಿಲ್ಲ. ನನ್ನ ಬಳೆಯ ಸಪ್ಪಳವಾದದ್ದೇ ದನಿ ಕಟ್ ಆಯಿತು. ಯಾರು ಎಂದೆ. ಕಂಪನಿಯವರು ಎಂದರು. ಕಂಪನಿಯ ಹೆಂಗಸು ಸಂದೇಶ ಕೊಡುವುದೇನು, ಇವರು ತಗೊಳ್ಳುವುದೇನು ಎಂದು ಆ ದಿನವೆಲ್ಲ ನಾನು ಆಸ್ಪತ್ರೆಯಲ್ಲಿ ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ.

ನಾಯಿಯ ವಿಷಯವೂ ಹಾಗೆಯೇ. ಕೆಂಚು ಬಣ್ಣದ, ಉದ್ದ ಕಾಲಿನ, ಎಡಗಿವಿ ಹರಿದ ಹೆಣ್ಣು ನಾಯಿ. ಎರಡು ಚಳಿಗಾಲದ ಹಿಂದೆ ಹಗ್ಗ ಹಿಡಿದು ಕರೆತಂದಿದ್ದರು. ಹಳೆಯ ವಿದ್ಯಾರ್ಥಿ ಕೊಟ್ಟ ಎಂದಿದ್ದರು. ಯಾವ ವಿದ್ಯಾರ್ಥಿ ಎಂದು ಕೇಳಿದರೆ ಹೆಸರು ನೆನಪಿಲ್ಲ. ಮೂವತ್ತು ವರ್ಷ ಹಿಂದಿನ ಹುಡುಗರ ಹಾಜರಿ ನಂಬರು ಸಹಿತ ಹೇಳುವ ಮಾಸ್ತರಿಗೆ ನಾಯಿ ಕೊಟ್ಟವನ ಹೆಸರು ನೆನಪಿಲ್ಲ.

ಆ ವರ್ಷ ಮಾರ್ಗಶಿರದಲ್ಲಿ ಅವರು ಮನೆಯ ಮುಂದಿನ ಕಟ್ಟೆಯ ಮೆಟ್ಟಿಲಿನಿಂದ ಬಿದ್ದರು. ಮಟಮಟ ಮಧ್ಯಾಹ್ನ. ಇಪ್ಪತ್ತು ವರ್ಷದಿಂದ ಹತ್ತಿ ಇಳಿಯುತ್ತಿದ್ದ ಮೆಟ್ಟಿಲು. ಸವದತ್ತಿಗೆ ಕರೆದೊಯ್ದು ತೋರಿಸಿದೆವು. ಪಾದದ ಕೀಲಿನ ಹತ್ತಿರ ಎಲುಬು ಸೀಳಿತ್ತು. ಆರು ವಾರ ಪ್ಲಾಸ್ಟರು ಹಾಕಿದರು. ಮನಸ್ಸು ಎಲ್ಲೋ ಇಟ್ಟು ನಡೆದರೆ ಬೀಳದೆ ಇನ್ನೇನು ಎಂದು ನಾನು ಬೈದೆ.

ಅವರು ಮಂಚದ ಮೇಲಿದ್ದರೂ ನಾಯಿಗೆ ಭಾನುವಾರ ತಪ್ಪಲಿಲ್ಲ. ಅದಕ್ಕೆ ವಾರ ಹೇಗೆ ತಿಳಿಯುತ್ತಿತ್ತೋ, ನಸುಕಿನಲ್ಲೇ ಬಾಗಿಲು ಕೆರೆಯತೊಡಗುತ್ತಿತ್ತು. ಮೊದಲನೆಯ ಭಾನುವಾರ ನಾನೇ ಕರಕೊಂಡು ಹೋಗುತ್ತೇನೆ ಎಂದೆ. ಅವರು ಮಂಚದಿಂದ ಅರ್ಧ ಎದ್ದರು.

"ಗುಡ್ಡಕ್ಕ ಒಯ್ಯಬ್ಯಾಡ ಅದನ್ನ. ಊರಾಗ ಅಡ್ಡಾಡಿಸು ಬೇಕಾದರ."

"ಯಾಕ್ರಿ?"

"ತೋಳ ಅದಾವ ಅಲ್ಲೆ."

ನಾಲ್ಕೈದು ಚಳಿಗಾಲ ಒಬ್ಬರೇ ಹೋಗಿ ಬಂದವರು ಒಮ್ಮೆಯೂ ತೋಳದ ಮಾತೆತ್ತಿರಲಿಲ್ಲ. ಆ ಹೊತ್ತಿಗೆ ನಾನು ಹೂಂ ಎಂದೆ. ಆದರೆ ನನ್ನೊಳಗೆ ಹೋಗಲೇಬೇಕು ಎಂಬುದು ಗಟ್ಟಿಯಾದದ್ದು ಅದೇ ಮಾತಿನಿಂದ.

ಮೂರನೆಯ ಭಾನುವಾರ ಅವರಿಗೆ ಪೋಲಿಯೋ ಡ್ಯೂಟಿ ಇದೆ ಎಂದು ಸುಳ್ಳು ಹೇಳಿದೆ. ನೀರು, ಔಷಧ, ಊಟ ಮಂಚದ ಹತ್ತಿರ ಇಟ್ಟೆ. ಪಕ್ಕದ ಮನೆಯವರಿಗೆ ಹೇಳಿ ಬಂದೆ. ಸ್ವೆಟರು ಹಾಕಿ, ತಲೆಗೆ ಸ್ಕಾರ್ಫು ಸುತ್ತಿ, ಚೀಲದಲ್ಲಿ ಎರಡು ರೊಟ್ಟಿ ಇಟ್ಟುಕೊಂಡು ನಾಯಿಯ ಹಗ್ಗ ಹಿಡಿದೆ. ಹಿತ್ತಲ ಬಾಗಿಲಿನಿಂದ ಹೊರಟೆ.

ಊರ ಹೊರಗೆ ಬಿಳಿಜೋಳ ಎದೆಮಟ್ಟ ನಿಂತಿತ್ತು. ಕಡಲೆ ಹೊಲಗಳ ಮೇಲೆ ಇಬ್ಬನಿ ಇತ್ತು. ಮಲಪ್ರಭೆಯ ಕಡೆಯಿಂದ ತೆಳ್ಳಗೆ ಮಂಜು ಎದ್ದು ಹೊಲದ ಬದುವಿನವರೆಗೆ ಬಂದು ನಿಂತಿತ್ತು. ಕೈ ಮರಗಟ್ಟುವ ಗಾಳಿ. ಹೊಲ ಮುಗಿದು ಕೆಂಪು ಕಲ್ಲಿನ ಏರು ಶುರುವಾದದ್ದೇ ನಾಯಿ ನನ್ನನ್ನು ಎಳೆಯುವುದನ್ನು ಬಿಟ್ಟಿತು. ಹಗ್ಗ ಬಿಗಿಯೂ ಆಗದಂತೆ, ಸಡಿಲವೂ ಆಗದಂತೆ ಒಂದೇ ಸಮನೆ ಮುಂದೆ ನಡೆಯಿತು. ಯಾರೋ ಅದಕ್ಕೆ ಅಳತೆ ಹಾಕಿ ಕೊಟ್ಟ ಹಾಗೆ.

ಈ ಹಾದಿ ಹಿಂದೆ ಗುಡ್ಡದ ಆಚೆಯ ಹಳ್ಳಿಗಳಿಗೆ ಹೋಗುವ ಕಾಲುದಾರಿ. ನಮ್ಮ ಅಜ್ಜಿ ತಲೆಯ ಮೇಲೆ ಬುಟ್ಟಿ ಹೊತ್ತು ಹೋಗುತ್ತಿದ್ದಳಂತೆ. ಡಾಂಬರು ರಸ್ತೆಯಾದ ಮೇಲೆ ಯಾರೂ ನಡೆಯುವುದಿಲ್ಲ. ಜಾಲಿ, ಬಾರಿ ಗಿಡಗಳು ಎರಡೂ ಕಡೆಯಿಂದ ಒತ್ತಿ ಬಂದಿವೆ. ಆದರೆ ನನಗೆ ವಿಚಿತ್ರವೆನಿಸಿದ್ದು, ಮುಳ್ಳಿನ ಟೊಂಗೆಗಳನ್ನು ಯಾರೋ ಕಡಿದು ಬದಿಗೆ ಹಾಕಿದ್ದರು. ಅದೂ ಮುಖದ ಮಟ್ಟಕ್ಕೆ ಬರುವ ಟೊಂಗೆಗಳನ್ನು ಮಾತ್ರ. ಕಾಲಿಗೆ ಬರುವ ಮುಳ್ಳು ಹಾಗೇ ಇತ್ತು. ಒಬ್ಬ ಮನುಷ್ಯ ತಲೆ ಎತ್ತಿ ನಡೆಯಲಿ ಎಂದು ಯಾರೋ ಕಾಳಜಿಯಿಂದ ಮಾಡಿದ ಕೆಲಸ. ಯಾರಿಗೆ ಆ ಕಾಳಜಿ ಎಂದು ನಾನು ಹಲ್ಲು ಕಚ್ಚಿದೆ.

ಅರ್ಧ ಏರಿದ ಮೇಲೆ ನಾಯಿ ಇದ್ದಕ್ಕಿದ್ದಂತೆ ನಿಂತಿತು. ನಿಂತಿದ್ದಷ್ಟೇ ಅಲ್ಲ, ತಿರುಗಿ ನನ್ನ ಮೊಣಕಾಲಿಗೆ ಅಡ್ಡವಾಗಿ ಮೈ ಕೊಟ್ಟಿತು. ಹಾವು ಕಂಡಿರಬೇಕೆಂದು ಒಂದು ಹೆಜ್ಜೆ ಹಿಂದೆ ಸರಿದೆ. ಸುತ್ತ ನೋಡಿದೆ, ಏನೂ ಇರಲಿಲ್ಲ. ಮುಂದೆ ಹಾದಿ ಒಂದು ಮೊಳ ತಗ್ಗಿಗೆ ಇಳಿಯುತ್ತಿತ್ತು, ಅಷ್ಟೇ. ನಡಿ ಎಂದೆ, ನಡೆಯಲಿಲ್ಲ. ಬೈದೆ, ಕದಲಲಿಲ್ಲ. ಅದನ್ನು ಸರಿಸಲೆಂದು ಬೆನ್ನ ಮೇಲೆ ಕೈ ಇಟ್ಟೆ. ಕೈ ಇಟ್ಟದ್ದೇ ತಡ, ಅದು ಮೆಲ್ಲಗೆ ತಗ್ಗಿಗೆ ಇಳಿದು ನಿಂತು ನನ್ನ ಕಡೆ ನೋಡಿತು. ಮತ್ತೆ ಸ್ವಲ್ಪ ದೂರದಲ್ಲಿ ಒಂದು ಬಂಡೆಯ ಮೆಟ್ಟಿಲು. ಮತ್ತೆ ಅಡ್ಡ. ಕೈ ಇಟ್ಟರೆ ಮಾತ್ರ ನಡಿಗೆ. ಏಳೆಂಟು ಸಲ ಹೀಗಾಯಿತು. ಈ ನಾಯಿಗೆ ಯಾರು ಏನು ಕಲಿಸಿದ್ದಾರೆ ಎಂದು ನನಗೆ ಅದರ ಮೇಲೂ ನಂಬಿಕೆ ಹೋಯಿತು.

ಗುಡ್ಡದ ನೆತ್ತಿಯ ಹತ್ತಿರ ಒಮ್ಮೆ ತಿರುಗಿ ನೋಡಿದಾಗ ಕೆಳಗೆ ಹಾದಿಯಲ್ಲಿ ಒಬ್ಬ ಗಂಡಸು ಕಂಡ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕುಡುಗೋಲಿನಂಥ ಉದ್ದ ಹಿಡಿಯ ಕೊಯ್ತ. ನಾನು ನಿಂತರೆ ಅವನೂ ನಿಂತ. ನಡೆದರೆ ನಡೆದ. ಊರಿನವನಲ್ಲ, ಊರಿನವನಾಗಿದ್ದರೆ ಕೂಗಿ ಮಾತಾಡಿಸುತ್ತಿದ್ದ. ಫೋನು ತೆಗೆದೆ. ರೇಂಜು ಇರಲಿಲ್ಲ. ಐವತ್ನಾಲ್ಕು ವರ್ಷದ ಹೆಂಗಸು, ಗಂಡನಿಗೆ ಸುಳ್ಳು ಹೇಳಿ ಬಂದವಳು, ಇಲ್ಲಿ ಬಿದ್ದರೆ ಯಾರಿಗೂ ತಿಳಿಯುವುದಿಲ್ಲ ಎಂಬ ಯೋಚನೆ ಬಂತು. ಹಿಂದೆ ಹೋದರೆ ಅವನು, ಮುಂದೆ ಹೋದರೆ ಏನೋ. ಒಂದು ಕಲ್ಲು ಎತ್ತಿ ಚೀಲದಲ್ಲಿ ಹಾಕಿಕೊಂಡೆ. ನಾಯಿ ಅವನ ಕಡೆ ಒಮ್ಮೆ ನೋಡಿ ಬಾಲ ಅಲ್ಲಾಡಿಸಿತು, ಬೊಗಳಲೇ ಇಲ್ಲ. ಇವನೂ ಇದಕ್ಕೆ ಗುರುತಿನವನೇ!

ನೆತ್ತಿ ದಾಟಿದ ಮೇಲೆ ನಾಯಿ ಹಳೆಯ ಹಾದಿ ಬಿಟ್ಟು ಎಡಕ್ಕೆ ತಿರುಗಿತು. ಅಲ್ಲಿ ಗುಡ್ಡದ ಓರೆಯಲ್ಲಿ, ಗಾಳಿ ತಾಗದ ಜಾಗದಲ್ಲಿ ಕಲ್ಲಿನ ಗೋಡೆಯ ಒಂದು ಕುರಿದಡ್ಡಿ ಇತ್ತು. ಮಗ್ಗುಲಲ್ಲಿ ತಗಡಿನ ಮಾಡಿನ ಮನೆ. ಮನೆಯ ಮುಂದೆ ಮೂರು ಕಲ್ಲಿನ ಒಲೆ. ಒಲೆಯ ಬದಿಗೆ ಬೂದಿಯ ಗುಡ್ಡೆ. ನನ್ನ ಕಣ್ಣು ಮೊದಲು ಹೋದದ್ದು ಆ ಬೂದಿಯ ಮೇಲೆ.

ಒಲೆಯ ಮುಂದೆ ಒಬ್ಬ ಹೆಂಗಸು ರೊಟ್ಟಿ ಬಡಿಯುತ್ತಿದ್ದಳು. ನಲವತ್ತರ ಒಳಗಿನವಳು. ಗಟ್ಟಿ ಮೈಕಟ್ಟು, ಹಣೆ ತುಂಬ ಕುಂಕುಮ, ನೋಡಲು ಲಕ್ಷಣವಾಗಿದ್ದಳು. ನಾಯಿ ನನ್ನ ಕೈಯಿಂದ ಹಗ್ಗ ಕಿತ್ತುಕೊಂಡು ಓಡಿಹೋಗಿ ಅವಳ ಕಾಲ ಬುಡದಲ್ಲಿ ಮಲಗಿತು. ಅವಳು ಹಿಟ್ಟಿನ ಕೈಯಿಂದಲೇ ಅದರ ತಲೆ ಮುಟ್ಟಿದಳು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿ ಎದ್ದು ನಿಂತಳು.

"ಮಾಸ್ತರ ಎಲ್ಲಿ? ಅವರಿಗೇನರ ಆತೇನು?"

ಮೂರು ವಾರದಿಂದ ಅವರು ಬರದ್ದಕ್ಕೆ ಈಕೆಗೆ ಇಷ್ಟು ಗಾಬರಿ! ನಾನು ಆಸ್ಪತ್ರೆಯಲ್ಲಿ ಯಾರೊಂದಿಗೂ ಆಡದ ದನಿಯಲ್ಲಿ ಕೇಳಿದೆ.

"ಅವರಿಗೆ ನೀವು ಏನಾಗಬೇಕು?"

ಅವಳು ಉತ್ತರ ಕೊಡುವ ಮೊದಲೇ ಹಿಂದಿನಿಂದ ಆ ಕೊಯ್ತದ ಮನುಷ್ಯ ಬಂದು ಅಂಗಳದಲ್ಲಿ ನಿಂತ. ಅವನು ನನ್ನ ಕಡೆ ನೋಡದೆ ಅವಳಿಗೇ ಹೇಳಿದ, ಈಕೆ ಮಾಸ್ತರ ನಾಯಿಯನ್ನು ಹೊಡೆದುಕೊಂಡು ಹೊರಟಿದ್ದಳು, ಬುಡದಿಂದಲೂ ಬೆನ್ನು ಹತ್ತಿ ಬಂದೆ, ಕಳ್ಳಿಯೋ ಏನೋ ಗೊತ್ತಿಲ್ಲ, ಚೀಲದಲ್ಲಿ ಕಲ್ಲು ಹಾಕಿಕೊಂಡಿದ್ದಾಳೆ ಎಂದು. ಅವನು ಅವಳ ಗಂಡ. ನಾನು ಅವನಿಗೆ ಹೆದರಿದಷ್ಟೇ ಅವನೂ ನನ್ನ ಮೇಲೆ ಕಣ್ಣಿಟ್ಟು ಬಂದಿದ್ದ. ನಾನು ಮಾಸ್ತರ ಮನೆಯವಳು ಎಂದೆ. ಗಂಡ ಹೆಂಡತಿ ಇಬ್ಬರೂ ಮುಖ ಮುಖ ನೋಡಿಕೊಂಡರು. ಅವರ ಮುಖದಲ್ಲೂ ನಂಬಿಕೆ ಇರಲಿಲ್ಲ.

ಆಗ ಮನೆಯ ನೆರಳಿನಿಂದ ಒಂದು ಹಳೆಯ ದನಿ ಬಂತು.

"ಹೌದ ಇರಬೇಕು. ಸ್ಪಿರಿಟ್ಟ ವಾಸನಿ ಬರಾಕ ಹತ್ತೇತಿ. ಅವರ ಮನಿಯಾಕಿ ದವಾಖಾನಿಯಾಕಿ ಅಂತ ಹೇಳಿದ್ರಲ್ಲ. ಬಾ ಯವ್ವಾ, ಕುಂಡರು."

ಗೋಡೆಗೆ ಒರಗಿ ಒಬ್ಬ ಮುದುಕಿ ಕೂತಿದ್ದಳು, ಆ ಗಂಡಸಿನ ತಾಯಿ. ಕೈಯಲ್ಲಿ ಕಪ್ಪು ಉಣ್ಣೆ, ನೂಲುವ ಕದಿರು. ಎರಡೂ ಕಣ್ಣು ಬೆಳ್ಳಗೆ ಮುಚ್ಚಿಹೋಗಿದ್ದವು. ನಾನು ಅವಳ ಕಡೆ ನಡೆದಾಗ ಅವಳು ತನ್ನ ಬಲಕ್ಕೆ ಇದ್ದ ಮಣೆಯನ್ನು ಸರಿಯಾಗಿ ನನ್ನ ಕಾಲ ಹತ್ತಿರ ಸರಿಸಿದಳು.

ನಾನು ಕುಳಿತೆ. ಕುಳಿತರೂ ನನ್ನ ಕಣ್ಣು ಸೊಸೆಯ ಮೇಲೇ ಇತ್ತು. ಮಾಸ್ತರು ಇಲ್ಲಿಗೆ ಏನು ಮಾಡಲು ಬರುತ್ತಾರೆ ಎಂದು ಕೇಳಿದೆ. ಸೊಸೆ ಅತ್ತೆಯ ಕಡೆ ನೋಡಿದಳು. ಮುದುಕಿ ಕದಿರು ಕೆಳಗಿಟ್ಟಳು.

"ಅವರ ಕಣ್ಣು ಹೊಂಟಾವಲ್ಲ, ಯವ್ವಾ. ನಿನಗ ಹೇಳಿಲ್ಲೇನು?"

ಆ ಮಾತನ್ನು ನಾನು ಕೇಳಿದೆ, ಆದರೆ ನಂಬಲಿಲ್ಲ. ಕಣ್ಣಿನ ಶಿಬಿರ ಬಂದಾಗಲೆಲ್ಲ ಊರಿನ ಮುದುಕರನ್ನೆಲ್ಲ ಸಾಲಾಗಿ ಕೂರಿಸಿ ಅಕ್ಷರದ ಪಟ್ಟಿ ಓದಿಸುವವಳು ನಾನು. ನನ್ನ ಮನೆಯಲ್ಲಿ ಕಣ್ಣು ಹೋದರೆ ನನಗೆ ತಿಳಿಯುವುದಿಲ್ಲವೇ? ಇದು ಇವರೆಲ್ಲ ಸೇರಿ ಕಟ್ಟಿದ ಕತೆ ಎಂದೇ ಮೊದಲು ಅನಿಸಿತು. ಎಷ್ಟು ದಿನದಿಂದ, ಯಾರು ಹೇಳಿದರು, ಯಾವ ಡಾಕ್ಟರು ಎಂದು ಪೊಲೀಸರಂತೆ ಕೇಳಿದೆ. ಮುದುಕಿಗೆ ಬೇಸರವಾಗಲಿಲ್ಲ. ನಡೆದದ್ದನ್ನು ಮೊದಲಿನಿಂದ ಹೇಳಿದಳು.

ಎರಡು ಚಳಿಗಾಲದ ಹಿಂದೆ ಅವಳ ಮಗ ಕುರಿ ಮೇಯಿಸುತ್ತಿದ್ದಾಗ ಹಳ್ಳದ ಕೊರಕಲಿನಲ್ಲಿ ಒಬ್ಬ ಮನುಷ್ಯ ಬಿದ್ದಿದ್ದನ್ನು ಕಂಡನಂತೆ. ಕಣ್ಣಿಗೆ ಟವೆಲು ಕಟ್ಟಿಕೊಂಡಿದ್ದರು. ದರೋಡೆಕೋರರು ಕಟ್ಟಿ ಒಗೆದು ಹೋಗಿದ್ದಾರೆ ಎಂದು ಇವನು ಹೆದರಿದ. ಆದರೆ ಟವೆಲನ್ನು ಅವರೇ ಕಟ್ಟಿಕೊಂಡದ್ದು. ಡಾಕ್ಟರು ಅವರಿಗೆ ಎಡಗಣ್ಣು ಆಗಲೇ ಹೋಗಿದೆ, ಬಲಗಣ್ಣು ಸುತ್ತಲಿನಿಂದ ಮುಚ್ಚುತ್ತ ಬರುತ್ತಿದೆ ಎಂದಿದ್ದರಂತೆ. ಪೂರ್ತಿ ಹೋದ ಮೇಲೆ ಹೇಗೆ ನಡೆಯುವುದು ಎಂದು ಅವರು ಮೊದಲೇ ಅಭ್ಯಾಸ ಮಾಡಲು ಹೊರಟಿದ್ದರು, ಯಾರೂ ನೋಡದ ಜಾಗದಲ್ಲಿ. ಇವರು ಎತ್ತಿಕೊಂಡು ಬಂದು ಹಾಲು ಕುಡಿಸಿದಾಗ ಈ ಮುದುಕಿ ಕೊಡದಲ್ಲಿ ನೀರು ತುಂಬಿಕೊಂಡು ಒಬ್ಬಳೇ ಒರತೆಯಿಂದ ಬರುತ್ತಿದ್ದಳು. ಅವಳ ಕಣ್ಣು ಹೋಗಿ ಹದಿನೈದು ವರ್ಷವಾಗಿತ್ತು. ಅವರು ಬಹಳ ಹೊತ್ತು ಅವಳನ್ನೇ ನೋಡಿದರಂತೆ. ಆಮೇಲೆ ಕಲಿಸುತ್ತೀಯಾ ಎಂದು ಕೇಳಿದರಂತೆ.

"ಜಲ್ಮದಾಗ ಸಾಲಿ ಮೆಟ್ಟಲ ತುಳದಾಕಿ ಅಲ್ಲ ನಾ," ಎಂದಳು ಮುದುಕಿ. "ನನ್ನ ಕಡೆ ಮಾಸ್ತರ ಬಂದ ಕೂತ್ರು."

ಅಂದಿನಿಂದ ಭಾನುವಾರಗಳು. ಪಾತ್ರೆಯಲ್ಲಿ ನೀರು ಎಷ್ಟು ತುಂಬಿತು ಎಂದು ಸಪ್ಪಳದಿಂದ ತಿಳಿಯುವುದು. ಬೂದಿ ಹಾಕಿ ತಿಕ್ಕಿ, ಜಿಡ್ಡು ಹೋಯಿತೋ ಇಲ್ಲವೋ ಎಂದು ಬೆರಳಿನಿಂದ ನೋಡುವುದು. ಬಿಸಿಲು ಯಾವ ಕೆನ್ನೆಗೆ ತಾಗುತ್ತಿದೆ ಎಂಬುದರ ಮೇಲೆ ದಿಕ್ಕು ಹಿಡಿಯುವುದು. ನಾಯಿಯೂ ಇವರ ಮನೆಯದೇ. ತಗ್ಗು ಬಂದರೆ ಅಡ್ಡ ನಿಲ್ಲುವುದನ್ನು, ಬೆನ್ನ ಮೇಲೆ ಕೈ ಇಟ್ಟರೆ ಮಾತ್ರ ಇಳಿಯುವುದನ್ನು ಮುದುಕಿ ತನ್ನ ನಾಯಿಗಳಿಗೆ ಮರಿಯಿದ್ದಾಗಲೇ ರೂಢಿ ಮಾಡಿಸುತ್ತಿದ್ದಳು. ಮುಳ್ಳಿನ ಟೊಂಗೆ ಕಡಿದದ್ದು ಕೊಯ್ತದ ಮಗ.

ನಾನು ನನ್ನ ಚೀಲದಿಂದ ಆ ಕಲ್ಲನ್ನು ತೆಗೆದು ಗೋಡೆಯ ಮೇಲಿಟ್ಟೆ. ಸೊಸೆ ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಹಾಕಿ ಕೊಟ್ಟಳು. ಉಣ್ಣದೆ ಹೋಗಬೇಡ ಎಂದಳು. ಅವಳ ಮುಖವನ್ನು ನೇರವಾಗಿ ನೋಡಲು ನನಗೆ ಆಗಲಿಲ್ಲ. ಅವಳ ಗಂಡ ನೆತ್ತಿಯವರೆಗೆ ಬಂದು ಬಿಟ್ಟು ಹೋದ.

ಇಳಿಯುವಾಗ ನಾಯಿ ಅಡ್ಡ ನಿಂತಲ್ಲೆಲ್ಲ ನಾನು ಅದರ ಬೆನ್ನ ಮೇಲೆ ಕೈ ಇಟ್ಟೆ. ಅಳು ಬರಲಿಲ್ಲ, ಸಿಟ್ಟು ಬಂತು. ಗುಡ್ಡದ ಮೇಲಿನ ಗುರುತಿಲ್ಲದ ಮೂವರಿಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ಒಂದೊಂದೇ ನೆನಪಾಯಿತು. ನಾನು ನಕ್ಕರೂ ನಗದೇ ಇದ್ದದ್ದು ಎಡಗಡೆಯ ಬಾಗಿಲಲ್ಲಿ ನಿಂತಾಗ ಮಾತ್ರ. ಸ್ಕೂಟರು. ಸಂಜೆಯ ಮದುವೆಗಳು. ಮಟಮಟ ಮಧ್ಯಾಹ್ನ ತಪ್ಪಿದ ಮೆಟ್ಟಿಲು. ಇಷ್ಟೆಲ್ಲ ಕಂಡೂ ನಾನು ಹುಡುಕಿದ್ದು ಮತ್ತೊಬ್ಬ ಹೆಂಗಸನ್ನು. ಆದರೂ, ಇದನ್ನು ಇಲ್ಲಿ ಬರೆಯದಿದ್ದರೆ ಸುಳ್ಳಾಗುತ್ತದೆ, ಫೋನಿನ ಹೆಂಗಸು ಯಾರು ಎಂಬ ಮುಳ್ಳು ಆಗಲೂ ಚುಚ್ಚುತ್ತಲೇ ಇತ್ತು.

ಮನೆಗೆ ಬಂದಾಗ ಅವರು ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಮುಖ ಕಿಟಕಿಯ ಕಡೆಗಿತ್ತು. ನಾನು ಮಾತಾಡಲಿಲ್ಲ. ಚಹಾ ಮಾಡಿ ತಂದು ಅವರ ಎಡಕ್ಕೆ, ಒಂದು ಮೊಳ ದೂರದಲ್ಲಿ ಕಪ್ಪು ಹಿಡಿದು ನಿಂತೆ. ಅವರು ಕಿಟಕಿಯನ್ನೇ ನೋಡುತ್ತಿದ್ದರು. ಕಪ್ಪು ಕೆಳಗಿಟ್ಟೆ. ಮುಂದೆ ಬಂದು ಸ್ಟೂಲಿನ ಮೇಲೆ ಕೂತು ಬಲಗೈಯ ಬೆರಳೊಂದನ್ನು ಅವರ ಕಿವಿಯ ಪಕ್ಕದಿಂದ ಅಲ್ಲಾಡಿಸುತ್ತ ಮೆಲ್ಲಗೆ ಮುಂದಕ್ಕೆ ತಂದೆ. ನಮಗೆ ಟ್ರೇನಿಂಗಿನಲ್ಲಿ ಕಲಿಸಿದ ಪರೀಕ್ಷೆ. ಕಣ್ಣು ಸರಿ ಇದ್ದವರು ಅರ್ಧದಲ್ಲೇ ಹೂಂ ಎನ್ನುತ್ತಾರೆ. ನನ್ನ ಬೆರಳು ಅವರ ಮೂಗಿನ ಹತ್ತಿರ ಬಂದ ಮೇಲೆ ಅವರ ಕಣ್ಣು ಅದನ್ನು ಹಿಡಿಯಿತು.

"ಪರೀಕ್ಷಾ ಮಾಡಾಕ ಹತ್ತಿಯೇನು?" ಎಂದರು.

ನನ್ನ ಬೆರಳು ಅಲ್ಲೇ ನಿಂತಿತು.

"ಪೋಲಿಯೋ ಡ್ಯೂಟಿಗೆ ಯಾರರ ನಾಯಿ ಕರಕೊಂಡ ಹೋಗತಾರೇನು? ನೀ ಹೊಂಟಾಗನ ಗೊತ್ತಾತು ನನಗ."

"ನನಗ ಯಾಕ ಹೇಳಲಿಲ್ಲರಿ?"

ಅವರು ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದರು. ಮಾತು ಹುಡುಕುತ್ತಿರಲಿಲ್ಲ, ಹೇಳಬೇಕೋ ಬೇಡವೋ ಎಂದು ನೋಡುತ್ತಿದ್ದರು.

"ಹೇಳಿದ್ರ ನೀ ಹೆಂಡತಿ ಉಳಿತಿರಲಿಲ್ಲ, ನರ್ಸ ಆಗತಿದ್ದಿ. ಕೈ ಹಿಡದ ಬಚ್ಚಲಕ್ಕ ಒಯ್ಯತಿದ್ದಿ. ಅದು ಬರೂದು ಐತಿ, ಬರಲಿ. ಎರಡ ವರ್ಷ ತಡ ಆಗಲಿ ಅಂದೆ."

ನಾನು ಏನೇನು ಅಂದುಕೊಂಡಿದ್ದೆ ಎಂಬುದನ್ನೂ ಹೇಳಿದೆ. ಡಬ್ಬಿ, ಬೂದಿ, ಫೋನಿನ ಹೆಂಗಸು, ಎಲ್ಲ. ಅವರು ನಗುತ್ತಾರೆಂದುಕೊಂಡಿದ್ದೆ. ನಗಲಿಲ್ಲ. ಅವರಿಗೆ ನಿಜವಾಗಿಯೂ ನೋವಾಯಿತು. ಕಿಸೆಯಿಂದ ಫೋನು ತೆಗೆದು ಮಂಚದ ಮೇಲಿಟ್ಟು ಬೆರಳಿನಿಂದ ಮುಟ್ಟಿದರು. ಅದೇ ಹೆಂಗಸು, ಅದೇ ಉಸಿರಿಲ್ಲದ ಅವಸರದಲ್ಲಿ, 'ಸಂದೇಶಗಳು, ಎರಡು ಓದಿಲ್ಲ' ಎಂದಳು. ಪರದೆಯ ಮೇಲಿದ್ದದ್ದನ್ನು ಓದಿ ಹೇಳುವ ಯಂತ್ರದ ದನಿ. ಕಣ್ಣು ಇರುವಾಗಲೇ ಅದನ್ನೂ ರೂಢಿ ಮಾಡಿಕೊಳ್ಳುತ್ತಿದ್ದರು. ನಾನು ಮುಖ ಮುಚ್ಚಿಕೊಂಡೆ. ಚಹಾ ಆರಿಹೋಗಿತ್ತು, ಮತ್ತೆ ಮಾಡಿದೆ. ಈ ಸಲ ಕಪ್ಪನ್ನು ಎಲ್ಲಿ ಇಡಬೇಕೆಂದು ತಿಳಿಯದೆ ನಿಂತೆ. ನಡುವೆ ಇಡು ಎಂದರು.

ಪ್ಲಾಸ್ಟರು ಬಿಚ್ಚಿದ ಮೇಲೆ ಹುಬ್ಬಳ್ಳಿಗೆ ಹೋದೆವು. ಬನದ ಹುಣ್ಣಿಮೆಯ ದಿನಗಳು, ಸವದತ್ತಿಯ ರಸ್ತೆಯಲ್ಲಿ ದೇವಿಯ ಜಾತ್ರೆಗೆ ಹೊರಟ ಚಕ್ಕಡಿಗಳ ಹಿಂದೆ ನಮ್ಮ ಬಸ್ಸು ಹೆಜ್ಜೆ ಹೆಜ್ಜೆಗೆ ನಿಂತಿತು. ಕಣ್ಣಿನ ಡಾಕ್ಟರು ಅವರಿಗೆ ಮೊದಲೇ ಗೊತ್ತಿದ್ದವರು. ಪೆನ್ಶನ್ನಿನ ಕೆಲಸ ಎಂದು ಅವರು ಹೇಳಿ ಹೋಗುತ್ತಿದ್ದದ್ದು ಅಲ್ಲಿಗೇ. ಕಣ್ಣೊಳಗಿನ ಒತ್ತಡಕ್ಕೆ ನರ ಒಣಗಿದೆ, ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಹನಿ ಔಷಧದಿಂದ ಎಷ್ಟು ದಿನ ಕಾಯಲಾಗುತ್ತದೋ ಕಾಯೋಣ ಎಂದರು. ಹನಿ ಸರಿಯಾಗಿ ಹಾಕುತ್ತಿದ್ದೀರಾ ಎಂದು ಕೇಳಿದರು. ಹೌದು ಎಂದರು ನಮ್ಮವರು. ನಾನು ಅವರ ಮುಖ ನೋಡಿದೆ. ವರದಿಯ ಅಂಕಿಗಳನ್ನೂ ನೋಡಿದೆ. ಎರಡೂ ಹೊಂದುತ್ತಿರಲಿಲ್ಲ. ಡಬ್ಬಿ ತೊಳೆಯುವುದನ್ನು ಕಲಿತ ಮನುಷ್ಯ ಹನಿ ಹಾಕುವುದನ್ನು ಎಷ್ಟೋ ಸಲ ಮರೆತಿದ್ದರು. ಅಂದಿನಿಂದ ಬೆಳಿಗ್ಗೆ ಸಂಜೆ ನಾನೇ ಹಾಕುತ್ತೇನೆ. ಅವರು ಹೆದರಿದ್ದ ನರ್ಸು ಬಂದೇ ಬಂದಳು, ಆದರೆ ದಿನಕ್ಕೆ ಎರಡೇ ನಿಮಿಷ.

ನನ್ನ ಸಂಶಯ ಹೋಯಿತೇ ಎಂದರೆ ಇಲ್ಲ. ಬೇರೆ ಕಡೆ ತಿರುಗಿತು ಅಷ್ಟೇ. ಅವರು ಕಾಣುತ್ತದೆ ಎಂದರೆ ನಾನು ನಂಬುವುದಿಲ್ಲ. ಕಾಣುವುದಿಲ್ಲ ಎಂದು ಅವರು ಹೇಳುವುದೇ ಇಲ್ಲ. ನಾನು ಸ್ಟೂಲನ್ನು ಇದ್ದ ಜಾಗದಿಂದ ಸರಿಸಿದರೆ, ಬೇಕೆಂದೇ ಸರಿಸಿದ್ದೀಯಾ ಎಂದು ಅವರು ನನ್ನ ಮೇಲೆ ಸಂಶಯಪಡುತ್ತಾರೆ. ಒಂದೆರಡು ಸಲ ಬೇಕೆಂದೇ ಸರಿಸಿದ್ದೂ ಉಂಟು. ಮಗಳಿಗೆ ಹೇಳಿದಾಗ ಅವಳು ಮೊದಲು ನನ್ನ ಮೇಲೆ ಸಿಟ್ಟಾದಳು, ಆಮೇಲೆ ಅವರ ಮೇಲೆ, ಆಮೇಲೆ ಬಂದು ನಾಲ್ಕು ದಿನ ಇದ್ದು ಹೋದಳು.

ಕಳೆದ ಚಳಿಗಾಲದಲ್ಲಿ ಎಳ್ಳ ಅಮಾವಾಸ್ಯೆ ಮುಗಿದ ವಾರ ಮೂವರೂ ಗುಡ್ಡಕ್ಕೆ ಹೋದೆವು. ನಾಯಿ ಮುಂದೆ, ಹಗ್ಗ ಹಿಡಿದು ಅವರು, ಹತ್ತು ಹೆಜ್ಜೆ ಹಿಂದೆ ನಾನು. ಹತ್ತು ಹೆಜ್ಜೆ ಎಂಬುದು ಅವರ ಕರಾರು. ಅವರ ಕಾಲು ಕಲ್ಲಿನಿಂದ ಕಲ್ಲಿಗೆ ಹೋಗುವುದನ್ನು ನೋಡುತ್ತ ನಾನು ಉಸಿರು ಹಿಡಿದೇ ಏರಿದೆ. ಕುರಿದಡ್ಡಿಯಲ್ಲಿ ಮುದುಕಿ ಹಾಸಿಗೆ ಹಿಡಿದಿದ್ದಳು. ಅವಳ ಬಿ.ಪಿ. ನೋಡಿದೆ, ಕಾಲಿನ ಬಾವು ನೋಡಿದೆ, ಮಗನಿಗೆ ಸೋಮವಾರ ಸವದತ್ತಿಗೆ ಕರೆದೊಯ್ಯಲು ಹೇಳಿದೆ. ನನ್ನವರು ಅವಳ ಪಕ್ಕ ಕೂತು ಅವಳು ಅರ್ಧಕ್ಕೆ ಬಿಟ್ಟ ಉಣ್ಣೆಯ ನೂಲನ್ನು ಸುತ್ತಿದರು. ನೂಲು ಎರಡು ಸಲ ಹರಿಯಿತು. ಅವಳು ಮಲಗಿದಲ್ಲಿಂದಲೇ ಬೈದಳು.

ವಾಪಸು ಬರುವಾಗ ನೆತ್ತಿಯ ಮೇಲೆ ಅವರು ನಿಂತರು.

"ರಾಮದುರ್ಗದ ಕಡೆ ಹೊಗಿ ಏಳಾಕ ಹತ್ತೇತಿ ನೋಡು. ಸೀತನಿ ಸುಡತಾರ ಯಾರೋ."

ನಾನು ಆ ಕಡೆ ನೋಡಿದೆ. ದೂರದಲ್ಲಿ, ಜೋಳದ ಹೊಲಗಳ ನಡುವೆ, ಕೂದಲೆಳೆಯಷ್ಟು ಹೊಗೆ ಏಳುತ್ತಿತ್ತು. ಗಾಳಿ ಆ ಕಡೆಯಿಂದಲೇ ಬೀಸುತ್ತಿತ್ತು, ಎಳೆಯ ತೆನೆ ಸುಟ್ಟ ವಾಸನೆ ನನಗೂ ಬಂತು. ಅವರು ಅದನ್ನು ಕಂಡು ಹೇಳಿದರೋ, ವಾಸನೆ ಹಿಡಿದು ಹೇಳಿದರೋ ನನಗೆ ತಿಳಿಯಲಿಲ್ಲ. ಮುಖ ನೋಡಿದೆ. ಅದರಲ್ಲಿ ಏನೂ ಸಿಗಲಿಲ್ಲ.

ನಾನು ಕೇಳಲಿಲ್ಲ. ಹೌದ್ರಿ, ಸುಡತಾರ ಎಂದೆ. ಅವರು ಹಗ್ಗ ಸಡಿಲಿಸಿ ಇಳಿಯತೊಡಗಿದರು. ನಾನು ಹತ್ತು ಹೆಜ್ಜೆ ಎಣಿಸಿ ಹೊರಟೆ.